‘ಹರಿಸಾ’ ಅನ್ನೋ ಹೆಸರು ಎಲ್ಲಿಯದು? ಅಜ್ಜಿಯ ಕಥೆಯನ್ನು ನಂಬಬಹುದೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿದ್ದೇವೆ. ಪಕ್ಕದ ಮನೆಯವರು ಅರ್ಮೇನಿಯನ್ನರು. ಆ ಮನೆಯ ಅಜ್ಜಿ ಗೋಧಿ, ಕೋಳಿ ಹಾಕಿ ಗಟ್ಟಿ ಗಂಜಿಯಂಥ ‘ಹರಿಸಾ’ ಮಾಡಿ ನಮಗೂ ಕೊಡುತ್ತಾರೆ. ಮಗಳ ಶಾಲೆಯಲ್ಲಿ ಊಟದ ಮೇಳ ಇದೆ. ಅವಳೂ ಅಜ್ಜಿಯ ಮೊಮ್ಮಗನೂ ಸೇರಿ ಹರಿಸಾ ಇಡುತ್ತಾರೆ, ಪಕ್ಕದಲ್ಲಿ ಹೆಸರಿನ ಅರ್ಥ ಬರೆದ ಚೀಟಿ ಇರಬೇಕು. ಸಂತ ಗ್ರಿಗೋರ್ ಬಡವರಿಗೆ ಊಟ ಹಾಕಿಸುವಾಗ ‘ಹರೇಕ್ ಸಾ’, ಅಂದರೆ ‘ಇದನ್ನು ತೊಳಸಿ’ ಅಂದರಂತೆ, ಅದೇ ಹರಿಸಾ ಆಯಿತು ಅಂತ ಅಜ್ಜಿ ಹೇಳುತ್ತಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ಅದು ಅರಬ್ಬಿ ಪದ ಅಂತಿದೆ. ಅಂಗಡಿಯಲ್ಲಿ ಹರೀಸಾ ಅಂತ ಕೇಳಿದರೆ ಕೆಂಪು ಮೆಣಸಿನಕಾಯಿ ಚಟ್ನಿಯ ಬಾಟಲಿ ಕೊಡುತ್ತಾರೆ. ನನ್ನ ಯಜಮಾನರು ಕಲಬುರಗಿಯವರು, ರುಚಿ ನೋಡಿ ‘ಇದು ಹಲೀಮ್ ಅಲ್ವಾ’ ಅಂದರು. ಯಾವುದು ಸರಿ? ಅಜ್ಜಿಗೆ ಬೇಜಾರಾಗದ ಹಾಗೆ ಚೀಟಿಯಲ್ಲಿ ಏನು ಬರೆಯಲಿ?

— ಓದುಗಿ, ಗ್ಲೆಂಡೇಲ್

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಪದ ಎಲ್ಲಿಂದ ಬಂತು ಅನ್ನೋದು ಒಂದು. ಊಟ ಯಾರದು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಎರಡನೆಯದನ್ನು ಅಜ್ಜಿಯ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೇನೋ ಅಂತ ನೀವು ಅಳುಕುತ್ತಿದ್ದೀರಿ. ಹಾಗೇನೂ ಆಗಬೇಕಿಲ್ಲ. ಪದಗಳ ಮೂಲ ಹುಡುಕುವುದೇ ನನ್ನ ಕೆಲಸ. ಅಡುಗೆಯ ಪದಗಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಪಾಲು ಇದೇ ಅಳುಕಿನಿಂದ ಬರೆದವು.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ‘ಹರಿಸಾ’ ಪದ ಅರಬ್ಬಿಯಿಂದ ಬಂದದ್ದು. ‘ಹರಸ’ ಅಂದರೆ ಕುಟ್ಟು, ಜಜ್ಜು. ‘ಹರೀಸ’ ಅಂದರೆ ಕುಟ್ಟಿದ್ದು. ‘ಹರೇಕ್ ಸಾ’ ಅನ್ನೋದು ಆಮೇಲೆ ಹುಟ್ಟಿದ ಕಥೆ. ಹಾಗಂತ ಆ ಕಥೆಯನ್ನು ಬಿಸಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಂಥ ಕಥೆ ನಮಗೇನೂ ಹೊಸದಲ್ಲ. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ‘ಬೆಂದಕಾಳೂರು’ ಆಯಿತು, ಅದೇ ಬೆಂಗಳೂರು ಅಂತ ನಾವೆಲ್ಲ ಕೇಳಿ ಬೆಳೆದವರು. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅದು ಸುಮಾರು ಕ್ರಿ.ಶ. 890ರ ಗಂಗರ ಕಾಲದ ಕಲ್ಲು. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ರಾಜ ದಾರಿ ತಪ್ಪುವುದಕ್ಕೆ ಸುಮಾರು 300 ವರ್ಷ ಮೊದಲೇ ಹೆಸರು ಇತ್ತು. ಹಾಗಂತ ಅಜ್ಜಿಯ ಕಾಳಿನ ಕಥೆ ಹೇಳುವುದನ್ನು ಯಾರೂ ಬಿಟ್ಟಿಲ್ಲ, ಬಿಡಲೂಬಾರದು. ಅರ್ಥ ಮರೆತುಹೋದ ಹೆಸರಿಗೆ ತಮ್ಮದೇ ಭಾಷೆಯಲ್ಲಿ ಅರ್ಥ ಹುಡುಕಿಕೊಳ್ಳುವುದು ಎಲ್ಲ ಜನರೂ ಮಾಡುವ ಕೆಲಸ.

ಈಗ ಅಜ್ಜಿಯ ಕಥೆಯನ್ನೇ ಪೂರ್ತಿ ನೋಡೋಣ. ಅರ್ಮೇನಿಯಾದ ರಾಜ ತ್ರ್ದಾತ್ ಕ್ರೈಸ್ತ ಧರ್ಮವನ್ನು ನಾಡಿನ ಧರ್ಮ ಮಾಡಿದ್ದು 301ರಲ್ಲಿ ಅಂತ ಅರ್ಮೇನಿಯನ್ ಸಂಪ್ರದಾಯ ಹೇಳುತ್ತದೆ. ಅದಕ್ಕೆ ಕಾರಣರಾದವರು ಸಂತ ಗ್ರಿಗೋರ್. ಅವರು ಬಡವರಿಗೆ ಅನ್ನಸಂತರ್ಪಣೆ ಮಾಡಿಸಿದರಂತೆ. ಕುರಿಗಳು ಸಾಲಲಿಲ್ಲ. ಕೊಪ್ಪರಿಗೆಗಳಿಗೆ ಗೋಧಿ ಸುರಿಸಿದರು. ಗೋಧಿ ತಳ ಹಿಡಿಯತೊಡಗಿತು. ಆಗ ‘ಹರೇಕ್!’ ಅಂದರು. ಅರ್ಮೇನಿಯನ್‌ನಲ್ಲಿ ‘ಹರೇಲ್’ ಅಂದರೆ ಬಡಿಯುವುದು, ಕಡೆಯುವುದು. ಬೆಣ್ಣೆ ಕಡೆಯುವುದಕ್ಕೂ ಇದೇ ಪದ. ಹಲವರಿಗೆ ಒಟ್ಟಿಗೆ ಹೇಳುವಾಗ, ಅಥವಾ ಗೌರವದಿಂದ ಒಬ್ಬರಿಗೆ ಹೇಳುವಾಗ, ಅದು ‘ಹರೇಕ್’ ಆಗುತ್ತದೆ. ‘ಸಾ’ ಅಂದರೆ ಇದು. ಇವತ್ತಿನ ಅರ್ಮೇನಿಯನ್ ಕಿವಿಗೆ ‘ಹರೇಕ್ ಸಾ’ ತುಂಬ ಸಹಜ ಮಾತು.

ತೊಡಕು ಇರುವುದು ‘ಇವತ್ತಿನ’ ಅನ್ನೋದರಲ್ಲೇ. ಅರ್ಮೇನಿಯನ್ ಲಿಪಿಯನ್ನು ಮೆಸ್ರೋಪ್ ಮಾಷ್ಟೋತ್ಸ್ ರೂಪಿಸಿದ್ದು ಸುಮಾರು 405ರಲ್ಲಿ. ಗ್ರಿಗೋರ್ ಅವರ ಕಾಲಕ್ಕೆ ಹತ್ತಿರದ ಅರ್ಮೇನಿಯನ್ ಬರಹ ಅಂದರೆ ಆ 5ನೇ ಶತಮಾನದ್ದು. ಅದನ್ನು ‘ಗ್ರಬಾರ್’ ಅನ್ನುತ್ತಾರೆ, ನಾವು ಹಳಗನ್ನಡ ಅನ್ನುವ ಹಾಗೆ. ಗ್ರಬಾರ್‌ನಲ್ಲಿ ‘ಇದನ್ನು’, ‘ಅದನ್ನು’ ಅಂತ ಬೆರಳು ತೋರಿಸಿ ಹೇಳುವಾಗ ಪದದ ಮುಂದೆ ‘ಜ್’ ಸೇರುತ್ತದೆ. ಸುಮ್ನೆ ‘ಸಾ’ ಅಂದರೆ ‘ಇದು’. ‘ಇದನ್ನು’ ಅನ್ನಬೇಕಾದರೆ ‘ಜ್‌ಸಾ’. ಹಾಗಾಗಿ ಅವತ್ತಿನ ಮಾತು ‘ಹರೇಕ್ ಜ್‌ಸಾ’ ಆಗಿರಬೇಕಿತ್ತು. ಅದು ಸವೆದು ‘ಹರಿಸಾ’ ಆಗಬೇಕಾದರೆ ‘ಜ್’ ಹೋಗಬೇಕು, ‘ಕ್’ ಹೋಗಬೇಕು, ‘ಏ’ ‘ಇ’ ಆಗಬೇಕು. ಪದಗಳು ಸವೆಯುತ್ತವೆ, ನಿಜ. ಆದರೆ ಒಂದು ಭಾಷೆಯಲ್ಲಿ ಸವೆತಕ್ಕೂ ಒಂದು ಕ್ರಮ ಇರುತ್ತದೆ. ಬೇಕಾದ ಕಡೆ ಬೇಕಾದ ಅಕ್ಷರ ಬಿಡಿಸಿಕೊಂಡು ಹೋದರೆ ಯಾವ ಪದದಿಂದ ಯಾವ ಪದವನ್ನಾದರೂ ಹುಟ್ಟಿಸಬಹುದು. ಹೀಗೆ ಪೂರ್ತಿ ವಾಕ್ಯವೊಂದು ಊಟದ ಹೆಸರಾಯಿತು ಅನ್ನುವ ವಿವರಣೆ ಬಂದಾಗಲೆಲ್ಲ ನಾನು ಮೊದಲು ಆ ಕಾಲದ ವ್ಯಾಕರಣ ತೆಗೆದು ನೋಡುತ್ತೇನೆ. ಸಾಮಾನ್ಯವಾಗಿ ಅಲ್ಲೇ ಅದು ಮುಗ್ಗರಿಸುತ್ತದೆ.

ಅರಬ್ಬಿ ಕಡೆಯ ಲೆಕ್ಕ ಇದಕ್ಕಿಂತ ಗಟ್ಟಿ. ಅಲ್ಲಿ ಈ ಪದ ಒಂಟಿಯಾಗಿಲ್ಲ, ಸಂಸಾರ ಸಮೇತ ಇದೆ. ‘ಹರಸ’ ಅಂದರೆ ಕುಟ್ಟಿದ, ‘ಮಿಹ್ರಾಸ್’ ಅಂದರೆ ಕುಟ್ಟುವ ಒರಳು, ‘ಹರೀಸ್’, ‘ಹರೀಸ’ ಅಂದರೆ ಕುಟ್ಟಿ ಮಾಡಿದ್ದು. ಹ-ರ-ಸ ಅನ್ನುವ ಮೂರು ವ್ಯಂಜನಗಳಿಂದ ಇಷ್ಟೂ ಪದ ಅರಬ್ಬಿಯ ಸಾಮಾನ್ಯ ನಿಯಮದಂತೆ ಹುಟ್ಟಿವೆ. 10ನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಸಂಗ್ರಹಿಸಿದ ಅಡುಗೆ ಪುಸ್ತಕದಲ್ಲಿ ಹರೀಸ ಮಾಡುವ ವಿಧಾನಗಳಿವೆ. 1226ರ ಇನ್ನೊಂದು ಬಾಗ್ದಾದ್ ಪುಸ್ತಕದಲ್ಲೂ ಇದೆ. ಕೊಲ್ಲಿಯ ಕಡೆ ಇವತ್ತಿಗೂ ರಂಜಾನ್‌ನಲ್ಲಿ, ಮದುವೆಯಲ್ಲಿ ಹರೀಸ್ ಬೇಯುತ್ತದೆ. ಅರ್ಮೇನಿಯನ್ ಮಾತಾಡದ ಇಷ್ಟೊಂದು ನಾಡುಗಳಲ್ಲಿ ಅದೇ ಹೆಸರು, ಅದೇ ಗೋಧಿ, ಅದೇ ಮಾಂಸ. ಎಲ್ಲರೂ ಒಬ್ಬ ಸಂತರ ಅರ್ಮೇನಿಯನ್ ಮಾತನ್ನು ಕೇಳಿಸಿಕೊಂಡರು ಅನ್ನೋದಕ್ಕಿಂತ, ಅರಬ್ಬಿ ಪದ ಅರ್ಮೇನಿಯಾಕ್ಕೂ ಬಂತು ಅನ್ನೋದು ನಂಬಲು ಸುಲಭ.

ಬರುವುದಕ್ಕೆ ದಾರಿಯೂ ಇತ್ತು. 7ನೇ ಶತಮಾನದ ನಡುವಿನಿಂದ ಅರ್ಮೇನಿಯಾ ಅರಬ್ಬರ ಕೈಗೆ ಬಂತು. ದ್ವಿನ್ ನಗರದಲ್ಲಿ ಅವರ ಅಧಿಕಾರಿ ಕೂರುತ್ತಿದ್ದ. 885ರಲ್ಲಿ ಅಶೋತ್ ಬಗ್ರತುನಿ ರಾಜನಾಗುವ ತನಕ ಹೆಚ್ಚು ಕಡಿಮೆ ಇದೇ ಸ್ಥಿತಿ. ಆಮೇಲೂ ವ್ಯಾಪಾರ, ವೈದ್ಯ, ನೆರೆಹೊರೆ ಎಲ್ಲ ಇದ್ದೇ ಇತ್ತು. 1184ರಲ್ಲಿ ಜ್ವರಗಳ ಬಗ್ಗೆ ಬರೆದ ಅರ್ಮೇನಿಯನ್ ವೈದ್ಯ ಮ್ಖಿತಾರ್ ಹೆರಾತ್ಸಿಯ ಬರಹದಲ್ಲೂ ಅರಬ್ಬಿ ಪದಗಳಿವೆ. ವೈದ್ಯರ ಬಾಯಿಗೆ ಬಂದ ಭಾಷೆ ಅಡುಗೆಮನೆಗೆ ಬರುವುದು ದೊಡ್ಡದೇನಲ್ಲ.

ಅರ್ಮೇನಿಯನ್ ಭಾಷೆಗೆ ಹೊರಗಿನ ಪದಗಳು ಬಂದದ್ದು ಅದೇ ಮೊದಲಲ್ಲ. ಒಂದು ಕಾಲದಲ್ಲಿ ವಿದ್ವಾಂಸರು ಆ ಭಾಷೆಯನ್ನೇ ಇರಾನಿನ ಭಾಷೆಗಳ ಗುಂಪಿಗೆ ಸೇರಿಸಿದ್ದರು, ಅಷ್ಟು ಪರ್ಶಿಯನ್, ಪಾರ್ಥಿಯನ್ ಪದಗಳು ಅದರಲ್ಲಿವೆ. 1875ರಲ್ಲಿ ಹೈನ್ರಿಖ್ ಹ್ಯೂಬ್ಶ್‌ಮನ್ ಎರವಲು ಪದಗಳನ್ನು ಒಂದು ಕಡೆ, ಮನೆಯ ಪದಗಳನ್ನು ಇನ್ನೊಂದು ಕಡೆ ಇಟ್ಟು ತೂಗಿದರು. ಅರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ ಪ್ರತ್ಯೇಕ ಕೊಂಬೆ ಅಂತ ತೋರಿಸಿಕೊಟ್ಟರು. ನನಗೆ ಆ ಕೆಲಸದ ಬಗ್ಗೆ ಬಹಳ ಗೌರವ. ಎರವಲನ್ನು ಎರವಲು ಅಂತ ಒಪ್ಪಿಕೊಂಡದ್ದರಿಂದಲೇ ಆ ಭಾಷೆಯ ಸ್ವಂತಿಕೆ ಕಣ್ಣಿಗೆ ಬಿತ್ತು. ಅಜ್ಜಿಯ ಪಾತ್ರೆಯನ್ನೇ ನೋಡಿ. ಅದರೊಳಗಿನ ‘ಮಿಸ್’, ಅಂದರೆ ಮಾಂಸ, ಮನೆಯ ಪದ. ಸಂಸ್ಕೃತದಿಂದ ನಮಗೆ ಬಂದ ‘ಮಾಂಸ’ಕ್ಕೂ ಅದಕ್ಕೂ ಒಂದೇ ಬೇರು. ‘ಆಘ್’, ಅಂದರೆ ಉಪ್ಪು, ಅದೂ ಮನೆಯದೇ. ಅದೇ ಅಡುಗೆಮನೆಯಲ್ಲಿರುವ ‘ಬ್ರಿಂಜ್’, ಅಂದರೆ ಅಕ್ಕಿ, ಇರಾನಿನ ಕಡೆಯಿಂದ ಬಂದದ್ದು. ‘ಹರಿಸಾ’ ಅರಬ್ಬಿ. ಇವರದೇ ಕೆಲವು ಮನೆಗಳಲ್ಲಿ ಇದನ್ನು ‘ಕೆಶ್ಕೆಕ್’ ಅಂತಲೂ ಕರೆಯುತ್ತಾರೆ, ಆ ಹೆಸರು ಪರ್ಶಿಯನ್.

ಇನ್ನು ಅಂಗಡಿಯ ಬಾಟಲಿ. ಅದು ಟ್ಯುನೀಷಿಯಾ ಕಡೆಯದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಓಮದ ಜಾತಿಯ ಕಾಳು, ಆಲಿವ್ ಎಣ್ಣೆ ಹಾಕಿ ಕುಟ್ಟಿ ಮಾಡುತ್ತಾರೆ. ಕುಟ್ಟುವುದರಿಂದಲೇ ಅದಕ್ಕೂ ಆ ಹೆಸರು. ಮೆಣಸಿನಕಾಯಿ ಅಮೆರಿಕದಿಂದ ಈಚೆ ಬಂದದ್ದೇ 1492ರ ನಂತರ. ಹಾಗಾಗಿ ಗೋಧಿಯ ಹರೀಸ ಹಳೆಯದು, ಚಟ್ನಿ ಹೊಸದು. ಹೆಸರು ಒಂದೇ ಅನ್ನೋದು ಬಿಟ್ಟರೆ ಎರಡಕ್ಕೂ ಬೇರೆ ನಂಟಿಲ್ಲ.

ನಿಮ್ಮ ಯಜಮಾನರು ಮಾತ್ರ ಸರಿಯಾಗಿಯೇ ಗುರುತು ಹಿಡಿದಿದ್ದಾರೆ. ಹೈದರಾಬಾದಿನ ಬಾರ್ಕಸ್‌ನಲ್ಲಿ ಯೆಮೆನ್‌ನ ಹದ್ರಮೌತ್ ಕಡೆಯಿಂದ ಬಂದ ಅರಬ್ಬರ ವಂಶದವರಿದ್ದಾರೆ. ಅವರ ಹಿರಿಯರು ನಿಜಾಮರ ಸೈನ್ಯದಲ್ಲಿದ್ದವರು. ಅವರ ಹರೀಸ್ ಅಲ್ಲಿ ಈಗಲೂ ಸಿಗುತ್ತದೆ. ಅದಕ್ಕೆ ಬೇಳೆಗಳು, ಮಸಾಲೆ, ತುಪ್ಪ, ಹುರಿದ ಈರುಳ್ಳಿ ಸೇರಿ ದಖ್ಖನಿನ ಹಲೀಮ್ ಬೆಳೆಯಿತು. 2010ರಲ್ಲಿ ಹೈದರಾಬಾದಿ ಹಲೀಮ್‌ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಲಬುರಗಿ, ಬೀದರ್, ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿ ರಂಜಾನ್ ಸಂಜೆ ಕಾಣುವ ಕೊಪ್ಪರಿಗೆಗಳು ಇದೇ ಬಳಗದವು. ಅಜ್ಜಿಯ ಪಾತ್ರೆಯಲ್ಲಿ ಬೇಳೆ ಇಲ್ಲ, ಗರಂ ಮಸಾಲೆ ಇಲ್ಲ. ಬಳಗ ಒಂದೇ, ಮನೆ ಬೇರೆ.

ಈಗ ಅಜ್ಜಿಯ ಕಥೆಗೆ ವಾಪಸ್ ಬರುತ್ತೇನೆ. ಪದದ ಮೂಲವಾಗಿ ಅದು ನಿಲ್ಲುವುದಿಲ್ಲ. ಊಟದ ವರ್ಣನೆಯಾಗಿ ಚೆನ್ನಾಗಿ ನಿಲ್ಲುತ್ತದೆ. ಹರಿಸಾ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಸಿಪ್ಪೆ ಬಿಡಿಸಿದ ಗೋಧಿಯನ್ನು ರಾತ್ರಿ ನೆನೆಹಾಕುತ್ತಾರೆ. ಹಿಂದೆ ತೋನಿರ್‌ನಲ್ಲಿ, ಅಂದರೆ ನೆಲದಲ್ಲಿ ಹೂತ ಒಲೆಯಲ್ಲಿ, ಪಾತ್ರೆ ಇಳಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಕೋಳಿ ಮೂಳೆ ಸಮೇತ ಬೇಯುತ್ತದೆ. ಮೇಲೆ ಬಂದ ನೊರೆ ತೆಗೆಯುತ್ತಾರೆ. ಗೋಧಿ ಒಡೆದು, ನೀರೆಲ್ಲ ಹೀರಿಕೊಂಡು, ಮಾಂಸ ತಾನಾಗಿ ಮೂಳೆ ಬಿಡುವ ತನಕ ಕಾಯಬೇಕು. ಮೂಳೆ ಆರಿಸಿ ತೆಗೆದ ಮೇಲೆ ಮರದ ಕೋಲಿನಿಂದ ಬಡಿತ ಶುರು. ಬಡಿದಷ್ಟೂ ಮಾಂಸ ನೂಲು ನೂಲಾಗುತ್ತದೆ. ಕೋಲು ಎತ್ತಿದರೆ ಎಳೆ ಬರಬೇಕು. ಕಡೆಗೆ ಬಟ್ಟಲಿಗೆ ಹಾಕಿ, ನಡುವೆ ಗುಳಿ ಮಾಡಿ, ಕರಗಿದ ಬೆಣ್ಣೆ ಸುರಿಯುತ್ತಾರೆ. ಕೆಲವರು ಜೀರಿಗೆ ಪುಡಿ, ಕೆಂಪು ಮೆಣಸಿನ ಪುಡಿ ಉದುರಿಸುತ್ತಾರೆ. ಇಷ್ಟು ಬಡಿದು, ತೊಳಸಿ ಮಾಡುವ ಊಟದ ಹೆಸರಿನಲ್ಲಿ ‘ಹರೇಲ್’ ಕೇಳಿಸಿದ್ದರಲ್ಲಿ ಏನು ಆಶ್ಚರ್ಯ? ಅರಬ್ಬಿಯ ‘ಕುಟ್ಟು’, ಅರ್ಮೇನಿಯನ್‌ನ ‘ಬಡಿ’, ಎರಡೂ ಪದ ಕಿವಿಗೆ ಹತ್ತಿರ, ಕೆಲಸವೂ ಹತ್ತಿರ. ಅದು ಕಾಕತಾಳೀಯ. ಆ ಕಾಕತಾಳೀಯದಿಂದಲೇ ಕಥೆ ಇಷ್ಟು ಗಟ್ಟಿಯಾಗಿ ಕೂತಿದೆ.

ಕಥೆಯಲ್ಲಿ ಇನ್ನೊಂದು ಸತ್ಯವಿದೆ, ಹಂಚುವುದು. ಅರ್ಮೇನಿಯನ್ನರಲ್ಲಿ ‘ಮತಾಘ್’ ಅಂತ ಹರಕೆಯ ಪದ್ಧತಿ ಇದೆ. ಪಾದ್ರಿ ಉಪ್ಪನ್ನು ಹರಸಿ ಕೊಡುತ್ತಾರೆ, ಆ ಉಪ್ಪನ್ನು ಪ್ರಾಣಿಗೆ ತಿನ್ನಿಸುತ್ತಾರೆ, ಬೇಯಿಸಿದ ಮಾಂಸವನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಬಡವರಿಗೆ, ನೆರೆಯವರಿಗೆ ಹಂಚುತ್ತಾರೆ. ಹರಿಸಾ ಇಂಥ ಊಟಗಳಲ್ಲಿ ಬರುವ ಅಡುಗೆ.

ಅಜ್ಜಿಯ ಮನಸ್ಸು ಅರ್ಥವಾಗಬೇಕಾದರೆ ಮೂಸಾ ಬೆಟ್ಟದ ವಿಷಯ ಗೊತ್ತಿರಬೇಕು. ಅದು ಈಗಿನ ಟರ್ಕಿಯ ಹತಾಯ್ ಪ್ರಾಂತ್ಯದಲ್ಲಿದೆ, ಮೆಡಿಟರೇನಿಯನ್ ಸಮುದ್ರದ ಅಂಚಿಗೆ. 1915ರಲ್ಲಿ ಒಟ್ಟೋಮನ್ ಸರ್ಕಾರ ಅರ್ಮೇನಿಯನ್ನರನ್ನು ಊರು ಬಿಡಿಸಿ ಮರುಭೂಮಿಗೆ ಅಟ್ಟುತ್ತಿತ್ತು. ದಾರಿಯಲ್ಲೇ ಜನ ಸಾಯುತ್ತಿದ್ದರು, ಕೊಲೆಯಾಗುತ್ತಿದ್ದರು. ಬೆಟ್ಟದ ಬುಡದ ಹಳ್ಳಿಗಳಿಗೂ ಆದೇಶ ಬಂತು. ಜನ ಹೊರಡಲಿಲ್ಲ. ದನ, ಕುರಿ, ದವಸ ಹೊತ್ತು ಬೆಟ್ಟ ಹತ್ತಿದರು, ಸೈನ್ಯವನ್ನು ವಾರಗಟ್ಟಲೆ ತಡೆದರು. ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಯುದ್ಧನೌಕೆಗಳು 4,000ಕ್ಕೂ ಹೆಚ್ಚು ಜನರನ್ನು ಈಜಿಪ್ಟಿನ ಪೋರ್ಟ್ ಸೈದ್‌ಗೆ ಸಾಗಿಸಿದವು. ಯುದ್ಧ ಮುಗಿದ ಮೇಲೆ ಬಹಳ ಮಂದಿ ವಾಪಸ್ ಬಂದರು. 1939ರಲ್ಲಿ ಹತಾಯ್ ಟರ್ಕಿಗೆ ಸೇರಿದಾಗ ಮತ್ತೆ ಊರು ಬಿಟ್ಟು ಲೆಬನಾನಿನ ಅಂಜಾರ್‌ಗೆ ಹೋದರು. ವಕಿಫ್ಲಿ ಅನ್ನುವ ಒಂದು ಹಳ್ಳಿ ಮಾತ್ರ ಅಲ್ಲೇ ಉಳಿಯಿತು. ಅಲ್ಲಿ ಆಗಸ್ಟ್ ನಡುವೆ ದ್ರಾಕ್ಷಿ ಹರಸುವ ಹಬ್ಬಕ್ಕೆ ಏಳು ಹಳ್ಳಿಗಳ ನೆನಪಿಗೆ ಏಳು ಕೊಪ್ಪರಿಗೆಯಲ್ಲಿ ಹರಿಸಾ ಬೇಯಿಸುತ್ತಾರೆ. ಅರ್ಮೇನಿಯಾದಲ್ಲಿ ಯೆರೆವಾನ್ ಹತ್ತಿರದ ಮೂಸಾಲೇರ್‌ನಲ್ಲಿ 1976ರಲ್ಲಿ ಕಟ್ಟಿದ ಸ್ಮಾರಕದ ಬಳಿ ಪ್ರತಿ ಸೆಪ್ಟೆಂಬರ್ ಡೋಲು ಬಾರಿಸುತ್ತಾ, ಓಲಗದಂಥ ಜುರ್ನಾ ಊದುತ್ತಾ ರಾತ್ರಿಯಿಡೀ ಬೇಯಿಸಿ, ಬೆಳಗ್ಗೆ ಬಂದವರಿಗೆಲ್ಲ ಬಡಿಸುತ್ತಾರೆ. ಅಂಥ ಊಟವನ್ನು ‘ನಿಮ್ಮದಲ್ಲ’ ಅಂದರೆ ಅಜ್ಜಿಗೆ ನೋವಾಗದೆ ಇರುತ್ತದೆಯೇ?

ಈ ವಿಷಯದಲ್ಲಿ ರಾಜಕೀಯವೂ ಸೇರಿದೆ. ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ 2011ರಲ್ಲಿ ಟರ್ಕಿಯ ಕೆಶ್ಕೆಕ್ ಸೇರಿತು, 2022ರಲ್ಲಿ ಟ್ಯುನೀಷಿಯಾದ ಚಟ್ನಿ, 2023ರಲ್ಲಿ ಕೊಲ್ಲಿ ದೇಶಗಳ ಹರೀಸ್. ಒಂದೊಂದು ಸಲವೂ ‘ಹಾಗಾದರೆ ನಮ್ಮದು?’ ಅನ್ನುವ ಕೂಗು ಏಳುತ್ತದೆ. ಅರ್ಮೇನಿಯನ್ನರ ‘ಟೋಲ್ಮಾ’ದ್ದೂ ಇದೇ ಪಾಡು. ಅದು ದ್ರಾಕ್ಷಿ ಎಲೆಯಲ್ಲಿ ಹೂರಣ ಸುತ್ತುವ ಅಡುಗೆ. ಹೆಸರು ‘ತೋಲಿ’, ಅಂದರೆ ದ್ರಾಕ್ಷಿ ಎಲೆ, ಅನ್ನುವ ಹಳೆಯ ಪದದಿಂದ ಬಂತು ಅಂತ ಅವರಲ್ಲಿ ಅನೇಕರು ವಾದಿಸುತ್ತಾರೆ. ಭಾಷಾತಜ್ಞರು ಸಾಮಾನ್ಯವಾಗಿ ಒಪ್ಪುವುದು ತುರ್ಕಿಯ ‘ದೋಲ್ಮಾ’, ಅಂದರೆ ತುಂಬಿದ್ದು. ಬದನೆಕಾಯಿ, ಟೊಮೇಟೊ ಕೊರೆದು ತುಂಬಿದರೂ ಅದೇ ಹೆಸರು, ಅಲ್ಲಿ ಎಲೆಯೇ ಇರುವುದಿಲ್ಲ. ಯುನೆಸ್ಕೊ ಪಟ್ಟಿಯಲ್ಲಿ 2017ರಲ್ಲಿ ಅದು ಅಜರ್‌ಬೈಜಾನ್ ಹೆಸರಿಗೆ ಸೇರಿತು. ಹಾಗಾಗಿ ಆ ಊಟದ ಹೆಸರು ಎತ್ತಿದರೆ ಸಾಕು, ಮಾತು ಬಿಸಿಯಾಗುತ್ತದೆ. ಈ ಮೇಳದಲ್ಲಿ ಅದನ್ನೂ ಸೇರಿಸಿಕೊಳ್ಳಬೇಡಿ ಅನ್ನೋದು ನನ್ನ ಸಲಹೆ.

ಚೀಟಿಗೆ ಬರೋಣ. ಅಜ್ಜಿಯ ಕಥೆಯನ್ನೇ ನಡೆದ ಸಂಗತಿ ಅಂತ ಬರೆದರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ನಿಮ್ಮೂರಿನ ಶಾಲೆಯಲ್ಲಿ ಅರಬ್ಬಿ ಮಾತಾಡುವ ಮನೆಯವರೂ ಇರಬಹುದು. ‘ಇದು ನಮ್ಮ ಪದ’ ಅಂತ ಒಂದು ಮಗು ಅಂದರೆ ಉತ್ತರ ಕೊಡುವ ಕಷ್ಟ ನಿಮ್ಮ ಮಗಳಿಗೆ. ‘ಇದು ಅರಬ್ಬಿ ಊಟ’ ಅಂತ ಬರೆದರೆ ಇನ್ನೂ ದೊಡ್ಡ ತಪ್ಪು. ಪದ ಎರವಲು ಅಂದ ಮಾತ್ರಕ್ಕೆ ಊಟ ಎರವಲು ಆಗುವುದಿಲ್ಲ. ಗೋಧಿ ಮಾಂಸ ಸೇರಿಸಿ ಬೇಯಿಸುವುದನ್ನು ಯಾರು ಮೊದಲು ಮಾಡಿದರು ಅಂತ ಹೆಸರು ನೋಡಿ ಹೇಳಲು ಬರುವುದಿಲ್ಲ. ಅರ್ಥದ ಗೋಜಿಗೇ ಹೋಗದೆ ಬರೀ ಹೆಸರು ಹಾಕಿದರೆ ಜಗಳವಿಲ್ಲ, ನಿಜ. ಆದರೆ ಜನ ಅಂಗಡಿಯ ಚಟ್ನಿ ಅಂದುಕೊಂಡು ಖಾರಕ್ಕೆ ಹೆದರಿ ಮುಂದೆ ಹೋಗುತ್ತಾರೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಹರಿಸಾ. ಗೋಧಿ, ಕೋಳಿ, ಬೆಣ್ಣೆ. ಖಾರ ಇಲ್ಲ. ಅರ್ಮೇನಿಯನ್ನರು ಹಬ್ಬಕ್ಕೆ, ಹರಕೆಗೆ ರಾತ್ರಿಯಿಡೀ ಬೇಯಿಸಿ ಹಂಚುವ ಊಟ. ಹೆಸರು ಕುಟ್ಟು ಅನ್ನುವ ಅರ್ಥದ ಅರಬ್ಬಿ ಪದದಿಂದ ಬಂದಿದೆ. ಸಂತ ಗ್ರಿಗೋರ್ ಇದನ್ನು ತೊಳಸಿ ಅಂದದ್ದೇ ಹೆಸರಾಯಿತು ಅಂತ ನಮ್ಮ ಅಜ್ಜಿ ಹೇಳುತ್ತಾರೆ.’ ಕಡೆಯ ವಾಕ್ಯವನ್ನು ಮೊಮ್ಮಗನ ಕೈಯಲ್ಲೇ ಬರೆಸಿ. ಅಜ್ಜಿಯ ಮಾತು ಅಂತ ಅದರಲ್ಲೇ ಇದೆ, ಹಾಗಾಗಿ ಸುಳ್ಳೂ ಆಗುವುದಿಲ್ಲ, ಅಜ್ಜಿಯನ್ನು ಬಿಟ್ಟ ಹಾಗೂ ಆಗುವುದಿಲ್ಲ.

ಮೇಳಕ್ಕೆ ಮೊದಲು ಚೀಟಿಯನ್ನು ಅಜ್ಜಿಗೆ ಓದಿ ಹೇಳಿ. ಅಲ್ಲಿ ಹೋಗಿ ನೋಡಿದಾಗ ಅವರಿಗೆ ಆಶ್ಚರ್ಯ ಆಗುವುದು ಬೇಡ. ಅರಬ್ಬಿಯ ಸಾಲಿಗೆ ಅವರು ಬೇಡ ಅಂದರೆ ವಾದಕ್ಕೆ ಇಳಿಯಬೇಡಿ. ಆ ಸಾಲು ತೆಗೆದು ಉಳಿದದ್ದನ್ನು ಇಟ್ಟರೂ ಚೀಟಿಯಲ್ಲಿ ಸುಳ್ಳಿರುವುದಿಲ್ಲ. ಜೊತೆಗೆ ಅವರ ಹಿರಿಯರು ಯಾವ ಊರಿನವರು, ಮನೆಯಲ್ಲಿ ಹರಿಸಾ ಅನ್ನುತ್ತಿದ್ದರೋ ಕೆಶ್ಕೆಕ್ ಅನ್ನುತ್ತಿದ್ದರೋ, ಕೋಳಿ ಹಾಕುತ್ತಿದ್ದರೋ ಕುರಿಯೋ ಅಂತ ಕೇಳಿ, ಉಚ್ಚಾರಣೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಊರೂರಿಗೆ ಇದು ಬದಲಾಗುತ್ತದೆ. ನಮ್ಮಂಥವರಿಗೆ ಅದು ಬಹಳ ಬೆಲೆಬಾಳುವ ಮಾಹಿತಿ.

ಮನೆಯಲ್ಲಿ ನೀವೇ ಮಾಡಿ ನೋಡುವುದಾದರೆ ನುಚ್ಚು ಗೋಧಿ ಬೇಡ, ಗಂಟಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಗೋಧಿ ಹುಗ್ಗಿಗೆ ಬಳಸುವಂಥ, ಕುಟ್ಟಿ ಸಿಪ್ಪೆ ತೆಗೆದ ಇಡೀ ಗೋಧಿ ಬೇಕು. ಅರ್ಮೇನಿಯನ್ ಅಂಗಡಿಗಳಲ್ಲಿ ‘ಕೋರ್ಕೋತ್’ ಅಂತ ಕೇಳಿ. ಶಾಲೆಯ ಚೀಟಿಯಲ್ಲಿ ‘ಗೋಧಿ’, ‘ಬೆಣ್ಣೆ’ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆಸಿ. ಅವು ಒಗ್ಗದ ಮಕ್ಕಳು ಇದ್ದೇ ಇರುತ್ತಾರೆ.